ಸೆಟ್ಟಿಯ ಲೆಕ್ಕ, ಭಂಡಾರಿಯ ಲೆಕ್ಕ

ಕಲ್ಪವೃಕ್ಷಗಳು ಫಲ ಕೊಡುವುದನ್ನು ನಿಲ್ಲಿಸಿದ ಕಾಲದಲ್ಲಿ ಹಸಿದು ಬಂದ ಪ್ರಜೆಗಳಿಗೆ ಆದಿತೀರ್ಥಂಕರ ವೃಷಭದೇವನು ಬದುಕುವ ಆರು ದಾರಿಗಳನ್ನು ತೋರಿಸಿದನೆಂಬುದು ಜಿನಸೇನಾಚಾರ್ಯರ ಮಹಾಪುರಾಣವನ್ನೂ ಪಂಪನ ಆದಿಪುರಾಣವನ್ನೂ ಬಲ್ಲವರಿಗೆ ಪರಿಚಿತವಾದ ಸಂಗತಿ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಈ ಷಟ್ಕರ್ಮಗಳಲ್ಲಿ ಅಸಿ ಎಂದರೆ ಖಡ್ಗ. ಪ್ರಜೆಯ ರಕ್ಷಣೆ, ಆಳ್ವಿಕೆ. ಮಸಿ ಎಂದರೆ ಶಾಯಿ. ಬರಹ ಮತ್ತು ಲೆಕ್ಕ. ವಾಣಿಜ್ಯವು ಇವೆರಡಕ್ಕೂ ಹೊರತಾದ ಬೇರೊಂದು ಕರ್ಮ. ಬೋಧಿಸಿದ ಗುರು ಒಬ್ಬನೇ, ಕಲಿತ ಪ್ರಜೆಗಳು ಅವರೇ. ಆದರೂ ಆಳುವುದನ್ನೂ ಮಾರುವುದನ್ನೂ ಒಂದೇ ವಿದ್ಯೆಯೆಂದು ಪುರಾಣಕಾರರು ಎಣಿಸಲಿಲ್ಲ.

ಇದನ್ನು ಈಗ ನೆನೆಯಲು ಕಾರಣವುಂಟು. ಚುನಾವಣೆಯ ಕಾಲ ಬಂದಾಗಲೆಲ್ಲ ವಿದ್ಯಾವಂತರ ನಡುವೆ ಒಂದು ಮಾತು ಕೇಳಿಬರುತ್ತದೆ: ರಾಜಕಾರಣಿಗಳ ಕೈಯಲ್ಲಿ ದೇಶ ಕೆಟ್ಟಿದೆ, ಇದನ್ನೊಂದು ಕಂಪನಿಯಂತೆ ನಡೆಸಬಲ್ಲವರು ಬೇಕು, ಸಾವಿರಾರು ಕೋಟಿಯ ಉದ್ಯಮವನ್ನು ಕಟ್ಟಿದವನಿಗೆ ಒಂದು ರಾಜ್ಯವನ್ನು ನಡೆಸುವುದು ಯಾವ ಲೆಕ್ಕ, ಎಂದು. ಶ್ರಾವಕ ಸಮಾಜದಲ್ಲಿ ಈ ಮಾತಿಗೆ ಇನ್ನಷ್ಟು ಬೆಲೆ. ಕೃಷಿಯಲ್ಲಿ ಉಂಟಾಗುವ ಜೀವಹಿಂಸೆಗೆ ಅಂಜಿ ಶತಮಾನಗಳಿಂದ ವ್ಯಾಪಾರವನ್ನು ಹಿಡಿದ ಕುಟುಂಬಗಳು ನಮ್ಮಲ್ಲಿ ಬಹಳ. ವ್ಯಾಪಾರಿಯು ಒಳ್ಳೆಯ ಆಡಳಿತಗಾರನಾಗಬಲ್ಲನೇ ಎಂದರೆ ಅವರಿಗೆ ಅದು ತಮ್ಮ ಮನೆಯ ಪ್ರಶ್ನೆಯೇ. ಜೈನ ಇತಿಹಾಸವೂ ಜೈನ ಶ್ರಾವಕಾಚಾರವೂ ಈ ಪ್ರಶ್ನೆಗೆ ಬೇಕಾದಷ್ಟು ಸಾಮಗ್ರಿಯನ್ನು ಇಟ್ಟಿವೆ. ಅದರಲ್ಲಿ ವರ್ತಕನಿಗೆ ಮೆಚ್ಚುಗೆಯೂ ಇದೆ, ಕಟುವಾದ ಎಚ್ಚರಿಕೆಯೂ ಇದೆ.

ಮೊದಲು ಮೆಚ್ಚುಗೆಯನ್ನೇ ನೋಡೋಣ. ವ್ರತವುಳ್ಳ ವರ್ತಕನ ಜೀವನ ಸಣ್ಣ ತಪಸ್ಸಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಳ್ಳತನಕ್ಕೆ ದಾರಿ ಹೇಳಿಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದು, ಒಳ್ಳೆಯ ಸರಕಿಗೆ ಅದರಂತೆಯೇ ಕಾಣುವ ಕೀಳು ಸರಕನ್ನು ಬೆರೆಸುವುದು, ತೂಕ ಅಳತೆಗಳಲ್ಲಿ ಕೊಡುವಾಗ ಕಡಿಮೆ ಕೊಂಡಾಗ ಹೆಚ್ಚು ಮಾಡುವುದು. ಇವು ಸಾವಿರದೈನೂರು ವರ್ಷಗಳ ಆಸುಪಾಸಿನ ಹಿಂದಿನ ಮಾತುಗಳಾದರೂ ಇಂದಿನ ತೆರಿಗೆ ಇಲಾಖೆಯ ಕಡತದಿಂದ ಎತ್ತಿದಂತಿವೆ. ದಿನಕ್ಕೆ ನೂರು ಸಲ ತಕ್ಕಡಿ ಹಿಡಿಯುವವನು ನೂರು ಸಲವೂ ಈ ಐದರಿಂದ ತಪ್ಪಿಸಿಕೊಂಡನೆಂದರೆ ಅವನ ಕೈ ಪಳಗಿದೆ ಎಂದೇ ಅರ್ಥ. ಅಂಥವನಿಗೆ ಆಡಿದ ಮಾತನ್ನು ಉಳಿಸಿಕೊಳ್ಳುವುದು, ಇಲ್ಲದ ಹಣವನ್ನು ಇದೆಯೆಂದು ಹೇಳದಿರುವುದು, ಸಂಜೆಗೆ ಲೆಕ್ಕ ಕೂಡಿಸುವುದು ಸ್ವಭಾವವೇ ಆಗಿರುತ್ತದೆ. ಅನೇಕ ಸರ್ಕಾರಗಳಲ್ಲಿ ಕಾಣದ ಗುಣಗಳು ಇವು.

ನಮ್ಮ ನಾಡಿನಲ್ಲಿ ಇಂಥವರ ಕೈಗೆ ಊರನ್ನು ಒಪ್ಪಿಸಿದ್ದೂ ಉಂಟು. 11ನೆಯ ಶತಮಾನದಲ್ಲಿ ಸಾಂತರರ ರಾಜಧಾನಿಯಾಗಿದ್ದ ಹುಂಚದಲ್ಲಿ ನೊಕ್ಕಯ್ಯ ಸೆಟ್ಟಿ ಎಂಬ ಶ್ರಾವಕನಿದ್ದ. ಅವನ ಪದವಿ ‘ಪಟ್ಟಣಸ್ವಾಮಿ’. ವರ್ತಕರ ಮುಖ್ಯಸ್ಥನೂ ಪಟ್ಟಣದ ವ್ಯವಹಾರಗಳಿಗೆ ಹೊಣೆಗಾರನೂ ಆದವನಿಗೆ ಸಲ್ಲುತ್ತಿದ್ದ ಹೆಸರು ಅದು. ಅವನು ಕಟ್ಟಿಸಿದ ಬಸದಿಯನ್ನು 1062ರ ಶಾಸನ ಹೇಳುತ್ತದೆ. ಕೆರೆಗಳಿಗಾಗಿ ಅವನು ಮಾಡಿದ ವೆಚ್ಚವನ್ನೂ ಹೇಳುತ್ತದೆ. ಪದ್ಮಾವತಿ ಅಮ್ಮನವರ ದರ್ಶನಕ್ಕೆ ಹೊಂಬುಜಕ್ಕೆ ಹೋಗುವವರು ಆ ಸೆಟ್ಟಿಯ ಹೆಸರನ್ನು ಒಮ್ಮೆ ನೆನೆಯಬಹುದು. ಅಲ್ಲಿಂದ ನೂರು ವರ್ಷದೊಳಗೆ ಶ್ರವಣಬೆಳಗೊಳದಲ್ಲಿ ಹುಳ್ಳರಾಜ ಬರುತ್ತಾನೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ, ಅಂದರೆ ಕೋಶಾಧಿಕಾರಿ. ಬೆಟ್ಟದ ಕೆಳಗಿನ ಊರಿನಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರೂ ಸಾಲಾಗಿ ನಿಂತಿರುವ ಬಸದಿಯನ್ನು 1159ರಲ್ಲಿ ಅವನು ಕಟ್ಟಿಸಿದ. ದೊರೆಯು ಅದಕ್ಕೆ ಸವಣೇರು ಗ್ರಾಮವನ್ನು ದತ್ತಿ ಬಿಟ್ಟು ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟರೂ ಜನ ಅದನ್ನು ಇಂದಿಗೂ ಭಂಡಾರಿ ಬಸದಿ ಎಂದೇ ಕರೆಯುತ್ತಾರೆ. ದೊರೆ ಇಟ್ಟ ಹೆಸರು ಶಾಸನದಲ್ಲಿ ಉಳಿಯಿತು. ಜನರ ಬಾಯಲ್ಲಿ ಉಳಿದದ್ದು ಕೀಲಿಕೈ ಹಿಡಿದವನ ಕೆಲಸದ ಹೆಸರು.

ಆದರೆ ವರ್ತಕ ಕುಲದಿಂದ ಬಂದು ರಾಜ್ಯವನ್ನೇ ನಡೆಸಿದವರ ಮಾತು ಬಂದರೆ ಮೊದಲು ಹೇಳಬೇಕಾದವರು ಗುಜರಾತಿನ ವಸ್ತುಪಾಲ ಮತ್ತು ತೇಜಪಾಲ ಸೋದರರು. ಪ್ರಾಗ್ವಾಟ ಎಂಬ ವಣಿಕ ಕುಲದವರು. ತಂದೆ ಅಶ್ವರಾಜ, ತಾಯಿ ಕುಮಾರದೇವಿ. ಚಾಲುಕ್ಯರ, ಅಂದರೆ ಸೋಲಂಕಿಗಳ ಆಳ್ವಿಕೆ ಸೊರಗಿ ಸಾಮಂತರು ತಮತಮಗೆ ತೋಚಿದಂತೆ ನಡೆಯುತ್ತಿದ್ದ ಸಮಯದಲ್ಲಿ, ಧೋಲ್ಕಾದ ವಾಘೇಲ ದೊರೆ ವೀರಧವಲನು 1220ರಲ್ಲಿ ಇವರನ್ನು ಮಂತ್ರಿಗಳನ್ನಾಗಿ ತೆಗೆದುಕೊಂಡ. ವಸ್ತುಪಾಲನಿಗೆ ಸಿಕ್ಕಿದ್ದು ಸ್ತಂಭತೀರ್ಥ, ಇಂದಿನ ಖಂಭಾತ. ಸಮುದ್ರ ವ್ಯಾಪಾರದಿಂದ ಹಣ ಹೊಳೆಯಾಗಿ ಹರಿಯುತ್ತಿದ್ದ, ಅಧಿಕಾರಿಗಳು ಆ ಹೊಳೆಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದ ಬಂದರು ಅದು. ಅಲ್ಲಿ ಸಾದಿಕ್ ಎಂಬ ಮಹಾಧನಿಕ ವರ್ತಕನಿದ್ದನೆಂದೂ, ಅವನು ರಾಜ್ಯಕ್ಕೆ ಬಗ್ಗದೆ ಲಾಟದ ಶಂಖನನ್ನು ನೆರವಿಗೆ ಕರೆದನೆಂದೂ, ವಸ್ತುಪಾಲನು ತಾನೇ ಯುದ್ಧಕ್ಕೆ ನಿಂತು ಶಂಖನನ್ನು ಸೋಲಿಸಿದನೆಂದೂ ಅಂದಿನ ಕಾವ್ಯಗಳೂ ಪ್ರಬಂಧಗಳೂ ವರ್ಣಿಸುತ್ತವೆ. ವಣಿಕ ಕುಲದ ಮಂತ್ರಿಯೊಬ್ಬ ಬಂದರಿಗೆ ಬಂದು ಮಾಡಿದ ಮೊದಲ ದೊಡ್ಡ ಕೆಲಸ, ರಾಜ್ಯಕ್ಕಿಂತ ಮಿಗಿಲಾಗಿ ಬೆಳೆದಿದ್ದ ಇನ್ನೊಬ್ಬ ವರ್ತಕನನ್ನು ಕಟ್ಟಳೆಗೆ ತಂದದ್ದು. ಇದು ಗಮನಿಸತಕ್ಕ ಮಾತು.

ಈ ಸೋದರರ ಬಗೆಗಿನ ಇನ್ನೊಂದು ವೃತ್ತಾಂತ ನನಗೆ ಯುದ್ಧದ ಕಥೆಗಿಂತ ದೊಡ್ಡದೆನಿಸುತ್ತದೆ. ಮಂತ್ರಿಪದವಿಯನ್ನು ಒಪ್ಪಿಕೊಳ್ಳುವ ಮುನ್ನ ಅವರು ತಮ್ಮಲ್ಲಿ ಆಗ ಇದ್ದ ಸಂಪತ್ತಿನ ವಿಷಯವನ್ನು ದೊರೆಯ ಮುಂದಿಟ್ಟರಂತೆ. ಮುಂದೆ ನಿಮಗೆ ನಮ್ಮ ಮೇಲೆ ಮುನಿಸು ಬಂದರೂ ಈ ಇಷ್ಟನ್ನು ಮಾತ್ರ ನಮಗೆ ಬಿಟ್ಟುಕೊಟ್ಟು ಕಳುಹಿಸಬೇಕು ಎಂದು ಕೇಳಿ, ದೊರೆಯಿಂದ ಬರೆಸಿಕೊಂಡರೆಂದು ಪ್ರಬಂಧಗಳು ಹೇಳುತ್ತವೆ. ಮೇಲುನೋಟಕ್ಕೆ ಇದು ವಣಿಕ ಬುದ್ಧಿ, ತಮ್ಮ ಗಂಟನ್ನು ಭದ್ರಪಡಿಸಿಕೊಳ್ಳುವ ಜಾಣತನ. ಸ್ವಲ್ಪ ಯೋಚಿಸಿದರೆ ಇದರ ಮತ್ತೊಂದು ಮುಖ ಕಾಣುತ್ತದೆ. ಬರುವಾಗ ಇದ್ದುದು ಇಷ್ಟು ಎಂದು ಹೇಳಿದವನು, ಹೋಗುವಾಗ ಅದಕ್ಕಿಂತ ಹೆಚ್ಚಿದ್ದರೆ ಅದು ತನ್ನದಲ್ಲ ಎಂದೂ ಹೇಳಿದಂತಾಯಿತು. ಇಂದು ಅಭ್ಯರ್ಥಿಗಳು ನಾಮಪತ್ರದೊಂದಿಗೆ ಸಲ್ಲಿಸುವ ಆಸ್ತಿಯ ಪ್ರಮಾಣಪತ್ರಕ್ಕೆ ಇದಕ್ಕಿಂತ ಹಳೆಯ ಪೂರ್ವಜ ಇದೆಯೋ ಇಲ್ಲವೋ.

ಆ ಮನೆಯ ಹೆಣ್ಣುಮಗಳ ಕಥೆಯೂ ಪ್ರಸಿದ್ಧ. ತೀರ್ಥಯಾತ್ರೆಗೆ ಹೊರಟ ಸೋದರರು ಕಳ್ಳರ ಭಯದಿಂದ ಚಿನ್ನವನ್ನು ಹೂಳಲೆಂದು ನೆಲ ಅಗೆದಾಗ ಅಲ್ಲಿ ಬೇರೊಂದು ಚಿನ್ನದ ಕೊಪ್ಪರಿಗೆಯೇ ಸಿಕ್ಕಿತಂತೆ. ಏನು ಮಾಡುವುದೆಂದು ತೋಚದೆ ತೇಜಪಾಲನ ಪತ್ನಿ ಅನುಪಮಾದೇವಿಯನ್ನು ಕೇಳಿದರು. ಹೊನ್ನನ್ನು ಕೆಳಗೆ ಹೂಳುವ ಬದಲು ಬೆಟ್ಟದ ತುದಿಯಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ, ಯಾರ ಕೈಗೂ ಸಿಗದಂತೆ ಇಡಿರಿ ಎಂಬುದು ಆಕೆಯ ಸಲಹೆ. ಅರ್ಬುದಗಿರಿಯ ಮೇಲೆ 1231ರಲ್ಲಿ ಪ್ರತಿಷ್ಠೆಗೊಂಡ ಲೂಣವಸಹಿಯ ನೇಮಿನಾಥ ಜಿನಾಲಯ, ಅಲ್ಲಿನ ಮೇಣದಂತೆ ತೆಳುವಾಗಿ ಕೊರೆದ ಅಮೃತಶಿಲೆಯ ಕಮಲಗಳು, ಆ ಸಲಹೆಯ ಫಲ.

ಇಷ್ಟನ್ನು ಓದಿ, ಹಾಗಾದರೆ ವ್ಯಾಪಾರಿಗಳು ಒಳ್ಳೆಯ ಆಡಳಿತಗಾರರೇ ಅಲ್ಲವೇ ಎಂದು ಯಾರಾದರೂ ತೀರ್ಮಾನಿಸಿದರೆ ನಾನು ಅವರನ್ನು ಕೊಂಚ ತಡೆಯುತ್ತೇನೆ. ವಸ್ತುಪಾಲನ ಕುಲ ವಣಿಕರದು, ನಿಜ. ಆದರೆ ಅವನ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಅಣಹಿಲವಾಡದ ಅರಮನೆಯ ಸೇವೆಯಲ್ಲಿದ್ದವರು. ಅವನು ಅಂಗಡಿಯಿಂದ ನೇರವಾಗಿ ಆಸ್ಥಾನಕ್ಕೆ ಜಿಗಿದವನಲ್ಲ. ರಾಜ್ಯದ ರೀತಿನೀತಿಗಳನ್ನು ತಲೆಮಾರುಗಳಿಂದ ಉಸಿರಾಡಿ ಬೆಳೆದವನು. ಹುಳ್ಳರಾಜನೂ ಭಂಡಾರಿಯೇ ಹೊರತು ಭಂಡಾರದ ಒಡೆಯನಾಗಿರಲಿಲ್ಲ. ನಮ್ಮ ಶಾಸನಗಳು ಹೊಗಳುವ ಈ ಧನಜ್ಞರು ತಮ್ಮದಲ್ಲದ ಧನವನ್ನು ಕಾಯ್ದವರು. ಇಂದು ನಾವು ಉದ್ಯಮಿಯನ್ನು ಅಧಿಕಾರಕ್ಕೆ ಕರೆಯುವಾಗ ಮೆಚ್ಚುವುದು ಅವನು ತನಗಾಗಿ ಗಳಿಸಿದ್ದನ್ನು. ಇವೆರಡೂ ಬೇರೆ ಬೇರೆ ಸಾಮರ್ಥ್ಯಗಳು.

10ನೆಯ ಶತಮಾನದ ಸೋಮದೇವಸೂರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ 959ರಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದ ದಿಗಂಬರ ಮುನಿಗಳು ಅವರು. ಅವರ ನೀತಿವಾಕ್ಯಾಮೃತವು ಮೂವತ್ತೆರಡು ಸಮುದ್ದೇಶಗಳ ರಾಜನೀತಿ ಗ್ರಂಥ. ಅದರ ಮೊದಲ ವಾಕ್ಯದಲ್ಲಿ, ಧರ್ಮ ಅರ್ಥ ಕಾಮಗಳಿಗೆ ನೆಲೆಯಾದ ರಾಜ್ಯಕ್ಕೇ ಅವರು ವಂದಿಸುತ್ತಾರೆ. ಎಲ್ಲವನ್ನೂ ತೊರೆದ ಮುನಿಯೊಬ್ಬರು ರಾಜ್ಯವೆಂಬ ಸಂಸ್ಥೆಗೆ ತಲೆಬಾಗಿದ್ದು ಸಾಮಾನ್ಯ ಸಂಗತಿಯಲ್ಲ. ಅದೇ ಗ್ರಂಥದ ವಾರ್ತಾ ಸಮುದ್ದೇಶದಲ್ಲಿ ಕೃಷಿ ವಾಣಿಜ್ಯಗಳ ಮಾತು ಬಂದಾಗ ವರ್ತಕರ ತೂಕ ಅಳತೆಗಳ ಮೋಸವನ್ನೂ, ಕೂಡಿಕೊಂಡು ಬೆಲೆ ಏರಿಸುವುದನ್ನೂ ಅವರು ದಾಕ್ಷಿಣ್ಯವಿಲ್ಲದೆ ಖಂಡಿಸುತ್ತಾರೆ. ಅಲ್ಲಿ ದೊರೆ ಕೈಹಾಕಲೇಬೇಕೆನ್ನುತ್ತಾರೆ. ತಕ್ಕಡಿಯ ಮೇಲೆ ಕಣ್ಣಿಡಬೇಕಾದ ಕೈಯೇ ತಕ್ಕಡಿಯನ್ನೂ ಹಿಡಿದಿದ್ದರೆ ಏನಾಗುವುದೆಂದು ಅವರು ಪ್ರತ್ಯೇಕವಾಗಿ ಹೇಳಬೇಕಾಗಿರಲಿಲ್ಲ.

ಈಗ ದಾನದ ವಿಷಯಕ್ಕೆ ಬರುತ್ತೇನೆ. ಇಡೀ ಪ್ರಶ್ನೆಯ ಕೀಲು ಅಲ್ಲಿದೆಯೆಂದು ನನ್ನ ಎಣಿಕೆ. ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳುತ್ತಾರೆ. ಮೊದಲ ಮೂರನ್ನು ಧನವಂತನು ಧಾರಾಳವಾಗಿ ಮಾಡಬಲ್ಲ. ಛತ್ರ ಕಟ್ಟಿಸಬಹುದು, ಆಸ್ಪತ್ರೆ ನಡೆಸಬಹುದು, ವಿದ್ಯಾಸಂಸ್ಥೆ ತೆರೆಯಬಹುದು. ನಮ್ಮ ಸಮಾಜ ಇವುಗಳಲ್ಲಿ ಹಿಂದೆ ಬಿದ್ದಿಲ್ಲ. ನಾಲ್ಕನೆಯದಾದ ಅಭಯದಾನಕ್ಕೆ ಮಾತ್ರ ಹಣ ಸಾಲದು. ಯಾರನ್ನು ನೋಯಿಸುವ ಶಕ್ತಿ ನಮಗಿದೆಯೋ ಅವರಿಗೆ, ನಿನಗೆ ನನ್ನಿಂದ ಭಯವಿಲ್ಲ ಎಂದು ಹೇಳಿ ಹಾಗೆಯೇ ನಡೆದುಕೊಳ್ಳುವುದು ಅಭಯದಾನ. ಪೊಲೀಸು, ಸೈನ್ಯ, ಸೆರೆಮನೆ ಯಾರ ಕೈಯಲ್ಲಿದೆಯೋ ಅವನೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಬಲ್ಲವನು. ಆಳುವವನ ಪಾಲಿಗೆ ಇದೇ ಮುಖ್ಯ ದಾನ.

ವ್ಯಾಪಾರವು ಇದನ್ನು ಕಲಿಸುವುದಿಲ್ಲ. ಕಲಿಸಬೇಕಾದ ಅಗತ್ಯವೂ ಅದಕ್ಕಿಲ್ಲ. ಅಂಗಡಿಗೆ ಬಂದವನು ಗಿರಾಕಿ. ಅವನಿಗೆ ಬೇಡವಾದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ; ನಮಗೆ ಬೇಡವಾದರೆ ಉದ್ರಿ ಇಲ್ಲವೆಂದು ಬೋರ್ಡು ಹಾಕುತ್ತೇವೆ. ನಷ್ಟ ತರುವ ಶಾಖೆಯನ್ನು ಮುಚ್ಚುತ್ತೇವೆ. ಕೆಲಸಕ್ಕೆ ಬಾರದವನನ್ನು ಲೆಕ್ಕ ಚುಕ್ತಾ ಮಾಡಿ ಕಳುಹಿಸುತ್ತೇವೆ. ದೊರೆಗೆ ಇವು ಯಾವುದೂ ಸಾಧ್ಯವಿಲ್ಲ. ನಷ್ಟ ತರುವ ಜಿಲ್ಲೆಯನ್ನು ಮುಚ್ಚಲಾಗದು. ಕುರುಡನನ್ನು, ಮುದುಕಿಯನ್ನು, ಸೆರೆಯಲ್ಲಿರುವ ಅಪರಾಧಿಯನ್ನು ಪ್ರಜೆಯಲ್ಲವೆಂದು ಹೊರಗಿಡಲಾಗದು. ಒಂದು ಕಾಸನ್ನೂ ಕೊಡಲಾರದವನೇ ರಾಜ್ಯದ ಮೊದಲ ಹಕ್ಕುದಾರ. ಏಕೇಂದ್ರಿಯ ಜೀವವನ್ನೂ ಲೆಕ್ಕಕ್ಕೆ ಹಿಡಿದ ಧರ್ಮಕ್ಕೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ.

ಇದು ಬರಿಯ ತತ್ತ್ವವಲ್ಲವೆಂಬುದಕ್ಕೆ ನಮ್ಮ ಕಾಲದ ಒಂದು ದೃಷ್ಟಾಂತ ಥಾಯ್ಲೆಂಡಿನಲ್ಲಿದೆ. ತಕ್ಸಿನ್ ಶಿನವತ್ರ ಮೊದಲು ಪೊಲೀಸ್ ಅಧಿಕಾರಿಯಾಗಿದ್ದವರು. ಬಳಿಕ ಕಂಪ್ಯೂಟರ್ ಮತ್ತು ಮೊಬೈಲ್ ದೂರವಾಣಿ ಉದ್ಯಮದಲ್ಲಿ ಆ ದೇಶದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. 1997ರ ಆರ್ಥಿಕ ಕುಸಿತದಿಂದ ಜನ ಕಂಗೆಟ್ಟಿದ್ದರು. 1998ರಲ್ಲಿ ಪಕ್ಷ ಕಟ್ಟಿ 2001ರಲ್ಲಿ ಅವರು ಪ್ರಧಾನಿಯಾದರು. ದೇಶದ ಆಡಳಿತಕ್ಕೂ ಕಂಪನಿಯ ಆಡಳಿತಕ್ಕೂ ಭೇದವಿಲ್ಲವೆಂಬುದು ಅವರು ಬಚ್ಚಿಡದೆ ಹೇಳುತ್ತಿದ್ದ ಮಾತು. ಪ್ರಾಂತಗಳ ಗವರ್ನರುಗಳೂ ಸಿಇಒಗಳಂತೆ ಕೆಲಸ ಮಾಡಬೇಕೆಂದು ವ್ಯವಸ್ಥೆ ಮಾಡಿದರು.

ಅವರು ಮಾಡಿದ ಒಳಿತನ್ನು ಮೊದಲು ಹೇಳುವುದು ನ್ಯಾಯ. ಆಸ್ಪತ್ರೆಗೆ ಹೋದ ಯಾವ ಬಡವನಾದರೂ ಒಂದು ಭೇಟಿಗೆ ಮೂವತ್ತು ಬಾಟ್ ಕೊಟ್ಟರೆ ಸಾಕು, ಉಳಿದ ಚಿಕಿತ್ಸೆ ಸರ್ಕಾರದ್ದು ಎಂಬ ಯೋಜನೆ 2001ರಲ್ಲಿ ಆರಂಭವಾಯಿತು. ಆರೋಗ್ಯ ಕ್ಷೇತ್ರದ ತಜ್ಞರು ಹಲವು ವರ್ಷಗಳಿಂದ ಸಿದ್ಧಪಡಿಸಿದ್ದ ಆಲೋಚನೆಯನ್ನು ಅವರ ಸರ್ಕಾರ ತ್ವರಿತವಾಗಿ ಜಾರಿಗೆ ತಂದಿತು. ವರ್ಷಗಳ ಕಾಲ ಕಡತದಲ್ಲಿ ಕೊಳೆಯಬಹುದಾಗಿದ್ದುದು ತಿಂಗಳುಗಳಲ್ಲಿ ನೆಲಕ್ಕಿಳಿಯಿತು. ಔಷಧದಾನದ ಲೆಕ್ಕದಲ್ಲಿ ಇದು ದೊಡ್ಡ ಪುಣ್ಯಕಾರ್ಯ. ಕಾರ್ಯನಿರ್ವಾಹಕನ ಚುರುಕುತನ ರಾಜ್ಯಕ್ಕೆ ಏನು ಕೊಡಬಲ್ಲದು ಎಂಬುದಕ್ಕೆ ಒಳ್ಳೆಯ ನಿದರ್ಶನ.

ಎರಡು ವರ್ಷದ ಬಳಿಕ ಅದೇ ಚುರುಕುತನ ಬೇರೊಂದು ಕೆಲಸಕ್ಕೆ ತಿರುಗಿತು. 2003ರ ಫೆಬ್ರವರಿಯಲ್ಲಿ ಮಾದಕ ವಸ್ತುಗಳ ವಿರುದ್ಧ ‘ಯುದ್ಧ’ ಸಾರಲಾಯಿತು. ಶಂಕಿತರ ಪಟ್ಟಿಗಳು ತಯಾರಾದವು. ಪಟ್ಟಿಯ ಹೆಸರುಗಳನ್ನು ಇಷ್ಟು ದಿನದೊಳಗೆ ಇಷ್ಟು ಕಡಿಮೆ ಮಾಡಬೇಕೆಂದು ಪ್ರಾಂತ ಪ್ರಾಂತಗಳಿಗೆ ಗುರಿ ನಿಗದಿಯಾಯಿತು. ಮಾರಾಟದ ಗುರಿಯಂತೆ. ಮೂರು ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರಿಗೆ ಮಾದಕ ವಸ್ತುವಿನೊಂದಿಗೆ ಯಾವ ಸಂಬಂಧವೂ ಇರಲಿಲ್ಲವೆಂದು ಮುಂದೆ ತನಿಖೆಯಲ್ಲಿ ಕಂಡುಬಂತು. ಕಂಪನಿಯಲ್ಲಿ ಗುರಿ ತಪ್ಪಿದರೆ ಬಡ್ತಿ ತಪ್ಪೀತು, ಗುರಿ ಮುಟ್ಟಲು ಅವಸರಪಟ್ಟರೆ ಸರಕು ಕೆಟ್ಟೀತು. ಖಡ್ಗ ಹಿಡಿದ ರಾಜ್ಯಕ್ಕೆ ಗುರಿಯನ್ನು ಕೊಟ್ಟಾಗ ಲೆಕ್ಕ ತುಂಬಿಸಲು ಸಿಗುವ ಸರಕು ಮನುಷ್ಯರು. ಮೂವತ್ತು ಬಾಟಿಗೆ ಔಷಧ ಕೊಟ್ಟ ಕೈಯೇ ಅಭಯವನ್ನು ಕಿತ್ತುಕೊಂಡಿತು. ಎರಡೂ ಒಂದೇ ಬಗೆಯ ಆಡಳಿತ ಕೌಶಲದಿಂದ ಆದವು ಎಂಬುದೇ ಇಲ್ಲಿ ಯೋಚಿಸಬೇಕಾದ ವಿಷಯ.

ಎಣಿಕೆಯ ಈ ಮೋಹಕ್ಕೆ ಇನ್ನೂ ಹಿಂದಿನ ಉದಾಹರಣೆ ಅಮೆರಿಕದ ರಾಬರ್ಟ್ ಮ್ಯಾಕ್ನಮಾರಾ. ಫೋರ್ಡ್ ಮೋಟಾರ್ ಕಂಪನಿಯ ಅಧ್ಯಕ್ಷ ಪದವಿಗೆ 1960ರ ನವೆಂಬರಿನಲ್ಲಿ ಏರಿ, ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟು 1961ರಲ್ಲಿ ರಕ್ಷಣಾ ಸಚಿವರಾದವರು. ಅಂಕಿಸಂಖ್ಯೆಯ ಮಹಾಪ್ರವೀಣ. ಅವರ ಕಾಲದ ವಿಯೆಟ್ನಾಂ ಯುದ್ಧದಲ್ಲಿ ಮುನ್ನಡೆಯನ್ನು ಅಳೆಯುವ ಮಾನದಂಡವಾಗಿ ಬಳಕೆಯಾದದ್ದು ಸತ್ತ ಶತ್ರುಗಳ ಎಣಿಕೆ. ಎಣಿಸಲು ಬಂದದ್ದನ್ನು ಎಣಿಸಿದರು. ಒಂದು ಜನತೆಯ ಮನಸ್ಸನ್ನು ಎಣಿಸಲು ಬರಲಿಲ್ಲ. 1968ರಲ್ಲಿ ಹುದ್ದೆ ಬಿಟ್ಟ ಅವರು ತಾವೂ ತಮ್ಮ ಸಹೋದ್ಯೋಗಿಗಳೂ ತಪ್ಪಿದೆವೆಂದು ಬರೆದು ಪ್ರಕಟಿಸಿದ್ದು 1995ರಲ್ಲಿ. ಶ್ರಾವಕನಿಗೆ ಪ್ರತಿಕ್ರಮಣವನ್ನು ಬೆಳಗು ಬೈಗುಗಳಿಗೆ ವಿಧಿಸಿದ ಆಚಾರ್ಯರು ಎಷ್ಟು ವ್ಯವಹಾರ ಬಲ್ಲವರು ಎಂದು ಇಂಥ ಕಡೆ ಅನಿಸುತ್ತದೆ. ಇಪ್ಪತ್ತೇಳು ವರ್ಷಕ್ಕೆ ಬಡ್ಡಿ ಬಹಳವಾಗುತ್ತದೆ.

ತಕ್ಸಿನ್ ಅವರ ಕಥೆಗೆ ಇನ್ನೊಂದು ಅಧ್ಯಾಯವಿದೆ, ಅದು ಪರಿಗ್ರಹದ್ದು. ಪ್ರಧಾನಿಯಾಗುವ ಹೊತ್ತಿಗೇ ಅವರ ಮೇಲೆ, ಹಿಂದೆ ಮಂತ್ರಿಯಾಗಿದ್ದಾಗ ತಮ್ಮ ಷೇರುಗಳನ್ನು ಮನೆಗೆಲಸದವರ, ಚಾಲಕರ ಹೆಸರಿನಲ್ಲಿ ಇಟ್ಟು ಆಸ್ತಿ ಮರೆಮಾಚಿದ ಆರೋಪವಿತ್ತು. 2001ರ ಆಗಸ್ಟಿನಲ್ಲಿ ಸಂವಿಧಾನ ನ್ಯಾಯಾಲಯ ಎಂಟಕ್ಕೆ ಏಳು ಮತಗಳಿಂದ ಅವರನ್ನು ದೋಷಮುಕ್ತಗೊಳಿಸಿತು. 2006ರ ಜನವರಿಯಲ್ಲಿ ಅವರ ಕುಟುಂಬವು ದೂರವಾಣಿ ಕಂಪನಿಯಲ್ಲಿದ್ದ ತನ್ನ ಪಾಲನ್ನು ಸಿಂಗಾಪುರದ ಟೆಮಾಸೆಕ್ ಸಂಸ್ಥೆಗೆ ಸುಮಾರು 7,300 ಕೋಟಿ ಬಾಟಿಗೆ ಮಾರಿತು. ದೂರಸಂಪರ್ಕದಲ್ಲಿ ವಿದೇಶಿ ಪಾಲಿನ ಮಿತಿಯನ್ನು ಏರಿಸಿದ ಕಾನೂನು ಜಾರಿಯಾಗಿ ಕೆಲವೇ ದಿನಗಳಾಗಿದ್ದವು. ಮಾರಾಟದ ಲಾಭಕ್ಕೆ ತೆರಿಗೆ ಬೀಳಲಿಲ್ಲ. ಜನ ಬೀದಿಗಿಳಿದರು, ಸೆಪ್ಟೆಂಬರಿನಲ್ಲಿ ಸೈನ್ಯ ಅಧಿಕಾರವನ್ನು ಕಸಿದುಕೊಂಡಿತು. ಆ ಸೈನಿಕ ಕ್ರಮವನ್ನು ಸಮರ್ಥಿಸಲಾಗದು. ಒಂದು ಹಿಂಸೆಗೆ ಮತ್ತೊಂದು ಬಲಾತ್ಕಾರ ಮದ್ದಲ್ಲ. 2010ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವರ ಕುಟುಂಬದ 4,600 ಕೋಟಿ ಬಾಟಿಗೂ ಹೆಚ್ಚಿನ ಆಸ್ತಿಯನ್ನು ಮುಟ್ಟುಗೋಲು ಹಾಕಿತು.

ಶ್ರಾವಕನ ಹನ್ನೊಂದು ಪ್ರತಿಮೆಗಳನ್ನು ಬಲ್ಲವರಿಗೆ ಈ ಬಗೆಯ ಎಡವಟ್ಟು ಎಲ್ಲಿ ಆಗುತ್ತದೆಂದು ಕೂಡಲೇ ಹೊಳೆದೀತು. ಎಂಟನೆಯ ಮೆಟ್ಟಿಲು ಆರಂಭತ್ಯಾಗ: ಉದ್ಯೋಗ ವ್ಯಾಪಾರಗಳನ್ನು ತಾನೇ ಮಾಡುವುದನ್ನು ಬಿಡುವುದು. ಒಂಬತ್ತನೆಯದು ಪರಿಗ್ರಹತ್ಯಾಗ: ಒಡೆತನವನ್ನೇ ಬಿಡುವುದು. ಹತ್ತನೆಯದು ಅನುಮತಿತ್ಯಾಗ: ಮಕ್ಕಳು ಬಂದು ಈ ವ್ಯವಹಾರ ಮಾಡಲೇ ಎಂದು ಕೇಳಿದರೆ ಹೂಂ ಎಂದೂ ಉಹೂಂ ಎಂದೂ ಹೇಳದಿರುವುದು. ಎಂಥ ಸೂಕ್ಷ್ಮದೃಷ್ಟಿ! ಕುರ್ಚಿಯಿಂದ ಎದ್ದವನ ಒಡೆತನ ಉಳಿದಿರುತ್ತದೆ. ಒಡೆತನ ಬಿಟ್ಟವನ ಮಾತಿಗೂ ಮನೆಯಲ್ಲಿ ತೂಕ ಉಳಿದಿರುತ್ತದೆ ಎಂದು ಆಚಾರ್ಯರು ಅರಿತಿದ್ದರು. ಇಂದು ಅಧಿಕಾರಕ್ಕೆ ಬರುವ ಉದ್ಯಮಿಗಳಲ್ಲಿ ಬಹುಪಾಲು ಮಂದಿ ಎಂಟನೆಯ ಮೆಟ್ಟಿಲಿನಲ್ಲೇ ನಿಲ್ಲುತ್ತಾರೆ. ಮಂಡಳಿಗೆ ರಾಜೀನಾಮೆ ಕೊಡುತ್ತಾರೆ, ಕಂಪನಿಯನ್ನು ಮಗನಿಗೋ ಮಡದಿಗೋ ವಹಿಸುತ್ತಾರೆ. ಒಂಬತ್ತಕ್ಕೆ ಏರಿದವರೂ ಉಂಟು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಹೆನ್ರಿ ಪಾಲ್ಸನ್ 2006ರಲ್ಲಿ ಅಮೆರಿಕದ ಹಣಕಾಸು ಸಚಿವರಾಗುವಾಗ ಆ ಬ್ಯಾಂಕಿನ ತಮ್ಮ ಷೇರುಗಳನ್ನೆಲ್ಲ ಮಾರಿದರು. ಹಾಗೆ ಮಾರುವವರಿಗೆ ಅಲ್ಲಿನ ಕಾನೂನು ತೆರಿಗೆಯನ್ನು ಮುಂದೂಡುವ ಸೌಲಭ್ಯವನ್ನೂ ಕೊಡುತ್ತದೆ. ಹತ್ತನೆಯ ಮೆಟ್ಟಿಲನ್ನು ಅಳೆಯಬಲ್ಲ ಕಾನೂನು ಎಲ್ಲಿಯೂ ಇದ್ದಂತಿಲ್ಲ.

ಸ್ವಹಿತವೂ ದೇಶಹಿತವೂ ಒಂದೇ ದಾರಿಯಲ್ಲಿ ನಡೆದ ಅಪರೂಪದ ಸಂದರ್ಭಗಳೂ ಇವೆ. ಅಹಮದಾಬಾದಿನ ಕಸ್ತೂರಭಾಯಿ ಲಾಲಭಾಯಿ ಅವರು 1923ರಿಂದ 1926ರವರೆಗೆ ಗಿರಣಿ ಮಾಲೀಕರ ಪ್ರತಿನಿಧಿಯಾಗಿ ಕೇಂದ್ರ ಶಾಸನಸಭೆಯಲ್ಲಿದ್ದರು. ಲ್ಯಾಂಕಷೈರಿನ ಬಟ್ಟೆಗೆ ಅನುಕೂಲವಾಗಲೆಂದು ಬ್ರಿಟಿಷರು ಭಾರತೀಯ ಗಿರಣಿಗಳ ಬಟ್ಟೆಯ ಮೇಲೆ ಹೇರಿದ್ದ ಶೇಕಡ ಮೂರೂವರೆ ಅಬಕಾರಿ ಸುಂಕದ ವಿರುದ್ಧ ನಡೆದ ಹೋರಾಟದಲ್ಲಿ ಅವರೂ ಇದ್ದರು. ಆ ಸುಂಕ ಅದೇ ಅವಧಿಯಲ್ಲಿ ರದ್ದಾಯಿತು. ಗಿರಣಿ ಮಾಲೀಕರಿಗೆ ಅದರಿಂದ ಲಾಭವಾಯಿತೇ? ಆಯಿತು. ದೇಶಕ್ಕೆ ಅದು ಬೇಕಾಗಿತ್ತೇ? ಬೇಕಾಗಿತ್ತು. ಆದರೆ ಅವರು ಸಭೆಗೆ ಬಂದದ್ದೇ ಗಿರಣಿ ಮಾಲೀಕರ ಪ್ರತಿನಿಧಿಯೆಂಬ ಹೆಸರಿನಲ್ಲಿ. ಯಾರ ಪರವಾಗಿ ಮಾತಾಡುತ್ತಾರೆಂಬುದನ್ನು ಯಾರೂ ಊಹಿಸಬೇಕಾಗಿರಲಿಲ್ಲ. ಆ ಬಳಿಕ ಅವರು ತಮ್ಮ ಸಾರ್ವಜನಿಕ ಸೇವೆಯ ದೀರ್ಘಕಾಲವನ್ನು ಕೊಟ್ಟದ್ದು ಆನಂದಜಿ ಕಲ್ಯಾಣಜಿ ಪೇಢಿಗೆ. ರಾಣಕಪುರದ ಜೀರ್ಣೋದ್ಧಾರವೂ, ಆಬುವಿನಲ್ಲಿ ಅನುಪಮಾದೇವಿಯ ಆ ಅಮೃತಶಿಲೆಯ ಜೀರ್ಣೋದ್ಧಾರವೂ ಅವರ ಕಾಲದ ಕೆಲಸಗಳು.

ಅವರ ಪೂರ್ವಜರ ಕಥೆಯಲ್ಲೂ ಒಂದು ಪಾಠವಿದೆ, ಕೊಂಚ ಕಹಿಯಾದದ್ದು. ಮೊಗಲರ ಕಾಲದ ಮಹಾವರ್ತಕ ಶಾಂತಿದಾಸ ಝವೇರಿಯ ಮೊಮ್ಮಗ ಖುಶಾಲಚಂದ್ ಅಹಮದಾಬಾದಿನ ನಗರಶೇಠನಾಗಿದ್ದ. 1725ರಲ್ಲಿ ಮರಾಠರ ಸೈನ್ಯ ನಗರವನ್ನು ಲೂಟಿ ಮಾಡಲು ನಿಂತಾಗ ಅವನು ತನ್ನ ಕೈಯಿಂದ ಹಣ ತೆತ್ತು ನಗರವನ್ನು ಉಳಿಸಿದ. ಹಣವಂತನೂ ಅಭಯದಾನ ಮಾಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಾನು ಮೇಲೆ ಹೇಳಿದ ಮಾತಿಗೆ ಇದು ಗೌರವದ ಅಪವಾದ. ಕೃತಜ್ಞರಾದ ವರ್ತಕರು, ಪೇಟೆಯಲ್ಲಿ ಮುದ್ರೆ ಬೀಳುವ ಪ್ರತಿ ನೂರು ರೂಪಾಯಿ ಸರಕಿಗೆ ನಾಲ್ಕಾಣೆಯಂತೆ ಅವನಿಗೂ ಅವನ ಸಂತತಿಗೂ ಸಲ್ಲಬೇಕೆಂದು ಬರೆದುಕೊಟ್ಟರು. ಕೊಟ್ಟವರದು ತಪ್ಪಲ್ಲ, ಪಡೆದವನದೂ ತಪ್ಪೆನ್ನಲಾರೆ. ಆದರೆ ಒಂದು ದಿನದ ಅಭಯವು ಹೀಗೆ ವಂಶಪಾರಂಪರ್ಯದ ಆದಾಯವಾಗಿ ಬದಲಾಯಿತು. ದಾನವು ಬಂಡವಾಳವಾಗಿ ಹೊರಳುವ ಹೊತ್ತು ಎಷ್ಟು ಸದ್ದಿಲ್ಲದೆ ಬರುತ್ತದೆ!

ಇಷ್ಟೆಲ್ಲ ಹೇಳಿದ ಮೇಲೆ ತಪ್ಪನ್ನು ಉದ್ಯಮಿಗಳ ಮೇಲೆಯೇ ಹೊರಿಸಿ ಸುಮ್ಮನಾಗುವುದು ಸರಿಯಲ್ಲ. ಅವರನ್ನು ಕರೆಯುವವರು ನಾವು. ರತ್ನಕರಂಡಕವು ಪರಿಗ್ರಹಪರಿಮಾಣ ವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳ ಜೊತೆಗೆ ‘ವಿಸ್ಮಯ’ ಎಂಬುದೊಂದಿದೆ. ಇತರರ ಸಂಪತ್ತನ್ನೂ ಲಾಭವನ್ನೂ ಕಂಡು ಬೆರಗಾಗಿ ಮನಸ್ಸು ಕದಡುವುದು. ಬೆರಗನ್ನು ದೋಷವೆಂದು ಎಣಿಸಿದ ಶಾಸ್ತ್ರ ಅಪರೂಪ. ಇಂಥವರ ಆಸ್ತಿ ಇಷ್ಟು ಸಾವಿರ ಕೋಟಿ ಎಂದು ಓದಿದ ಕೂಡಲೇ, ಇವರಿಗೆ ತಿಳಿಯದ ವಿಷಯವಿರಲಾರದು ಎಂದು ಭಾವಿಸುವುದು ಈ ವಿಸ್ಮಯವೇ. ಚಾವುಂಡರಾಯನು ಬಿಂದಿಗೆ ಬಿಂದಿಗೆ ಹಾಲು ಸುರಿದರೂ ಗೊಮ್ಮಟನ ನಡುವಿಗಿಂತ ಕೆಳಗೆ ಇಳಿಯದ ಅಭಿಷೇಕ, ಬಡ ಮುದುಕಿಯ ಗುಳ್ಳಕಾಯಿಯ ಹಾಲಿಗೆ ಪಾದದವರೆಗೂ ಹರಿಯಿತೆಂಬ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಮಂತ್ರಿಯ ಹಿರಿಮೆಯೂ ಆ ಕಥೆಯಲ್ಲಿದೆ: ಗುಳ್ಳಕಾಯಜ್ಜಿಯ ಪ್ರತಿಮೆ ಇಂದಿಗೂ ವಿಂಧ್ಯಗಿರಿಯ ಮೇಲೆ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಮತ ಹಾಕುವ ದಿನ ಮಾತ್ರ ನಾವು ಬಿಂದಿಗೆಗಳನ್ನೇ ಎಣಿಸುತ್ತೇವೆ.

ಹಾಗೆಂದು ಉದ್ಯಮಿ ಬೇಡವೆಂದಲ್ಲ. ಲೆಕ್ಕ ಬಲ್ಲವನು, ಮಾತಿಗೆ ತಪ್ಪದವನು ಸಭೆಗೆ ಬಂದರೆ ರಾಜ್ಯಕ್ಕೆ ಲಾಭವೇ. ನೋಡಬೇಕಾದದ್ದು ಅವನು ಎಷ್ಟು ಗಳಿಸಿದ ಎಂಬುದನ್ನಲ್ಲ. ತನ್ನದಲ್ಲದ ಹಣವನ್ನು ಎಂದಾದರೂ ಕಾಯ್ದಿದ್ದಾನೆಯೇ, ತನ್ನ ಕೈಕೆಳಗಿನವರ ಮೇಲೆ ಹೊರಲಾರದ ಹೊರೆ ಹೊರಿಸಿದ್ದಾನೆಯೇ ಎಂಬುದನ್ನು. ಅತಿಭಾರವಹನವೂ ಅದೇ ಪಟ್ಟಿಯ ಒಂದು ಅತಿಚಾರ. ಬಸದಿಯ ಟ್ರಸ್ಟಿನಲ್ಲಿ, ಸಹಕಾರ ಸಂಘದಲ್ಲಿ, ಊರಿನ ಶಾಲೆಯ ಸಮಿತಿಯಲ್ಲಿ ಹತ್ತು ವರ್ಷ ಖಜಾಂಚಿಯಾಗಿದ್ದು, ಒಮ್ಮೆಯೂ ಲೆಕ್ಕದ ತಕರಾರು ಬಾರದ ಕಿರಾಣಿ ಅಂಗಡಿಯವನು ಒಬ್ಬ ಮಹೋದ್ಯಮಿಗಿಂತ ಈ ಪರೀಕ್ಷೆಯಲ್ಲಿ ಮುಂದಿದ್ದರೆ ಆಶ್ಚರ್ಯವಿಲ್ಲ.

ಮೇವಾಡದ ಭಾಮಾಶಾಹನ ಹೆಸರು ಕೇಳದ ಜೈನರಿಲ್ಲ. 1576ರ ಹಳದಿಘಾಟಿಯ ಬಳಿಕ ಕಾಡುಮೇಡು ಅಲೆಯುತ್ತಿದ್ದ ರಾಣಾ ಪ್ರತಾಪನ ಮುಂದೆ ತನ್ನ ಸರ್ವಸ್ವವನ್ನೂ ಸುರಿದ ದಾನವೀರನೆಂದು ಅವನನ್ನು ಕೊಂಡಾಡುತ್ತೇವೆ. ಆ ಹಣ ಅವನ ಸ್ವಂತದ್ದಲ್ಲ, ಮೇವಾಡದ ಖಜಾನೆಯದೇ. ಪ್ರಧಾನನಾಗಿ ಅವನು ಅದನ್ನು ಗುಪ್ತಸ್ಥಳಗಳಲ್ಲಿ ಕಾಯ್ದಿಟ್ಟು ಬೇಕಾದಾಗ ತಂದುಕೊಟ್ಟ ಎಂದು ಇತಿಹಾಸಕಾರ ಗೌರೀಶಂಕರ ಹೀರಾಚಂದ ಓಝಾ ಅಭಿಪ್ರಾಯಪಟ್ಟರು. ಈ ಮಾತನ್ನು ಕೇಳಿ ನೊಂದುಕೊಳ್ಳುವ ಶ್ರಾವಕರಿದ್ದಾರೆ. ನನಗೇನೋ ಇದರಿಂದ ಭಾಮಾಶಾಹನ ಎತ್ತರ ಹೆಚ್ಚಿತೆಂದೇ ಅನಿಸುತ್ತದೆ. ತನ್ನದನ್ನು ಕೊಟ್ಟವರು ಬಹಳ ಮಂದಿ. ದೊರೆಯೇ ದಿಕ್ಕಿಲ್ಲದೆ ಅಲೆಯುವಾಗ, ಕೇಳುವವರಾರೂ ಇಲ್ಲದಾಗ, ತನ್ನದಲ್ಲದ ನಿಧಿಯ ಪಕ್ಕದಲ್ಲಿ ಮಲಗಿ ಅದನ್ನು ಮುಟ್ಟದವರು ಎಷ್ಟು? 1600ರಲ್ಲಿ ಸಾಯುವ ಮುನ್ನ ಅವನು ತನ್ನ ಕೈಯಾರೆ ಬರೆದ ಒಂದು ಬಹಿಯನ್ನು ಹೆಂಡತಿಯ ಕೈಗೆ ಕೊಟ್ಟನೆಂದು ಮೇವಾಡದ ಚರಿತ್ರೆಯಾದ ವೀರವಿನೋದ ಹೇಳುತ್ತದೆ. ಯಾವ ಖಜಾನೆ ಎಲ್ಲಿದೆ, ಎಷ್ಟಿದೆ ಎಂಬ ವಿವರ ಅದರಲ್ಲಿತ್ತು. ಪ್ರತಾಪನು ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಮಗ ಅಮರಸಿಂಹ ಗದ್ದುಗೆಯಲ್ಲಿದ್ದ. ಇದನ್ನು ದೊರೆಗೆ ತಲುಪಿಸು ಎಂದಷ್ಟೇ ಭಾಮಾಶಾಹ ಹೇಳಿದ. ಬಹಿ ತಲುಪಿತು. ಅಮರಸಿಂಹನು ಅವನ ಮಗ ಜೀವಾಶಾಹನನ್ನೇ ತನ್ನ ಪ್ರಧಾನನನ್ನಾಗಿ ನೇಮಿಸಿಕೊಂಡ.